ಅರಮನೆಯ ಬೆನ್ನಿಗೆ ಅಡವಿ

ಬೀದರ ಸೀಮೆಯ ಔರಾದದಲ್ಲಿ ಶಿವರಾತ್ರಿಯೆಂದರೆ ಅಮರೇಶ್ವರ ಜಾತ್ರೆ. ಈ ಸೀಮೆಯಲ್ಲಿ ಜಾತ್ರೆಯೆಂದರೆ ಹಗಲು ದನದ ಸಂತೆ, ರಾತ್ರಿ ನಾಟಕ. ನಾಟಕದ ಹ್ಯಾಂಡ್‌ಬಿಲ್ಲಿನ ತುದಿಗೆ ‘ಭವ್ಯ ರಂಗಸಜ್ಜಿಕೆ’ ಎಂಬ ಸಾಲು ಇರಲೇಬೇಕು. ಬಿಚ್ಚಿ ನೋಡಿದರೆ ಆ ಭವ್ಯತೆ ಬಾಡಿಗೆಗೆ ತಂದ ನಾಲ್ಕೈದು ಬಣ್ಣದ ಪರದೆ: ಬೀದಿ, ದರ್ಬಾರು, ಅಡವಿ, ಗುಡಿಸಲು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಆದರೂ ಅಷ್ಟೇ, ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಆದರೂ ಅಷ್ಟೇ.

ಬಯಲಾಟಕ್ಕೆ ಈ ಚಿತ್ರದ ಹಂಗಿರಲಿಲ್ಲ. ಇಬ್ಬರು ಹಿಡಿದ ಒಂದು ಬಟ್ಟೆ ಸಾಕಿತ್ತು. ಕಾಡೋ ಅರಮನೆಯೋ, ಭಾಗವತರು ಹೇಳಿದ್ದೇ ನಿಜ. ಬರೆದ ಪರದೆ ಈ ಗಡಿಗೆ ಎರಡು ದಾರಿಯಿಂದ ಬಂತು. 1872ರಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಕರೆಸಿದ ಮುಂಬಯಿಯ ವಿಕ್ಟೋರಿಯಾ ನಾಟಕ ಮಂಡಳಿ ಹೈದರಾಬಾದಿಗೆ ಬಂತು. ಬೀದರ ಆಗ ಅದೇ ನಿಜಾಮನ ಸೀಮೆ. ಪಶ್ಚಿಮದಲ್ಲಿ ನಮ್ಮ ಗುರ್ಲಹೊಸೂರಿನವರೇ ಆದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿಸಿದರು. ಮರಾಠಿ ಸಂಗೀತ ನಾಟಕ ಬೆಳೆದಂತೆ ಕೊಲ್ಹಾಪುರದ ಆನಂದರಾವ್ ಮತ್ತು ಬಾಬುರಾವ್ ಪೇಂಟರರು ಪರದೆಗೆ ಹೆಸರಾದರು. ಆ ಬಾಬುರಾವ್ ಅವರೇ 1920ರಲ್ಲಿ ‘ಸೈರಂಧ್ರಿ’ ಸಿನಿಮಾ ಮಾಡಿದ್ದು. ಇತ್ತ 1885ರಲ್ಲಿ ಕಡಪ ಸೀಮೆಯಲ್ಲಿ ಹುಟ್ಟಿದ ತೆಲುಗಿನ ಸುರಭಿ ಮನೆತನದವರು ಇಂದಿಗೂ ಬರೆದ ಪರದೆ ಎಳೆದೇ ಆಡುತ್ತಾರೆ.

ಇಷ್ಟು ಪರದೆ ಬರೆದರೂ ಹಳೆಯವು ಉಳಿದದ್ದು ಕಡಿಮೆ. ಕಾರಣ ಅಂಟಿನಲ್ಲಿದೆ. ಪುಡಿಬಣ್ಣವನ್ನು ಸರೇಸಿನಲ್ಲೋ ಗೋಂದಿನಲ್ಲೋ ಕಲಸಿ ಮಾದರಪಾಟಿನ ಮೇಲೆ ಬಳಿಯುತ್ತಿದ್ದರು. ಅದು ಹೊಳೆಯುವುದಿಲ್ಲ, ದೀಪದ ಬೆಳಕನ್ನು ನುಂಗುತ್ತದೆ. ಇಂದಿನ ಫ್ಲೆಕ್ಸಿನ ಅರಮನೆಯೋ ಪಾತ್ರೆ ಅಂಗಡಿಯಂತೆ ಮಿರುಗುತ್ತದೆ. ಆದರೆ ಅದೇ ಅಂಟು ಬಿಸಿನೀರಿಗೆ ಕರಗುತ್ತದೆ. ಬಟ್ಟೆ ತುಟ್ಟಿ, ಬಣ್ಣ ಅಗ್ಗ. ಹಾಗಾಗಿ ಹಳೆಯ ಸೀನನ್ನು ಒಗೆದು ಅದೇ ಬಟ್ಟೆಗೆ ಹೊಸದು ಬರೆಸುವುದು, ಇಲ್ಲವೇ ಅರಮನೆಯ ಬೆನ್ನಿಗೆ ಅಡವಿ ಬರೆಸುವುದು. ಕಾಸಿನ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಇಂದು ಉಳಿದಿರುವ ಒಂದೆರಡನ್ನೂ ಒಗೆದರೆ ನನ್ನ ಮಟ್ಟಿಗೆ ಅದು ತಪ್ಪು.

ಉಳಿಸಲು ದೊಡ್ಡ ಗಂಟೇನೂ ಬೇಕಿಲ್ಲ. ಗ್ಯಾಸ್‌ಲೈಟಿನ ಮಸಿ, ಕೆಂಧೂಳು ಕಂಡೊಡನೆ ಒದ್ದೆ ಬಟ್ಟೆ ಹಿಡಿಯುವುದೇ ಮೊದಲ ಅಪಾಯ. ಮೆತ್ತನೆಯ ಒಣ ಬ್ರಷ್ಷಿನಿಂದ ಮೇಲಿಂದ ಕೆಳಗೆ ಹಗುರಾಗಿ ಸವರಬೇಕು. ಹರಿದಲ್ಲಿ ಹಳೆಯ ಧೋತರದ ತುಂಡನ್ನು ಹಿಂಬದಿಯಿಂದ ಹಚ್ಚಬೇಕು. ಮೈದಾ ಅಂಟು ನಡೆಯುತ್ತದೆ, ಆದರೆ ಗಟ್ಟಿಯಾಗಿರಲಿ. ತೆಳುವಾದರೆ ನೀರು ಮುಂದಕ್ಕೆ ಹಾಯ್ದು ಬಣ್ಣ ಕಲೆಗಟ್ಟುತ್ತದೆ. ಹುಳ ಬೀಳದಂತೆ ಪುಸ್ತಕದ ಬೈಂಡರುಗಳು ಆ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ (ವಿಷ, ಮಕ್ಕಳ ಕೈಗೆ ಸಿಗದಿರಲಿ).

ಇನ್ನು ಮಡಚುವುದು. ಮಡಿಕೆ ಬಿದ್ದಲ್ಲೆಲ್ಲ ಬಣ್ಣ ಉದುರುತ್ತದೆ, ಮುಂದೆ ಅಲ್ಲೇ ಬಟ್ಟೆಯೂ ಸೀಳುತ್ತದೆ. ಸುತ್ತಿಡಬೇಕು, ಬಣ್ಣದ ಮೈ ಹೊರಗೆ ಮಾಡಿ. ಸಣ್ಣ ಬಿದಿರಿಗಿಂತ ದಪ್ಪ ಕೊಳವೆ ಮೇಲು. ನಮ್ಮ ಹೊಲಗಳಲ್ಲಿ ಬೋರು ಕೊರೆಸಿ ಮಿಕ್ಕ ಕೇಸಿಂಗ್ ಪೈಪು ಬಿದ್ದಿರುತ್ತದಲ್ಲ, ಅದೇ ಸಾಕು.

ಗುಡಿಯ ಅಟ್ಟದಲ್ಲೋ ಮಠದ ಮೂಲೆಯಲ್ಲೋ ಇಂಥ ಪರದೆಯ ಗಂಟು ಸಿಕ್ಕರೆ ನೀರಿಗೆ ಹಾಕಬೇಡಿ. ನೆರಳಿನ ಪಡಸಾಲೆಯಲ್ಲಿ ಬಿಚ್ಚಿ ಒಂದು ಫೋಟೊ ತೆಗೆಯಿರಿ. ಕೆಳಗಿನ ಮೂಲೆಯನ್ನು ಬಿಡಬೇಡಿ. ಪೇಂಟರನ ಹೆಸರು ಇದ್ದರೆ ಅಲ್ಲೇ ಇರುತ್ತದೆ.