ಕಾರು ನಿಂತಲ್ಲೇ ಕಥೆ

ಕಿಡ್ನ್ಯಾಪ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಮಾರುತಿ ಓಮ್ನಿ. ಪಕ್ಕದ ಬಾಗಿಲು ಸರ್ರನೆ ಸರಿಯುತ್ತದೆ, ನಾಲ್ಕು ಕೈ ಹೊರಬರುತ್ತವೆ, ಹೀರೋಯಿನ್ ಒಳಗೆ! ಆಮೇಲೆ ಚೇಸಿಂಗ್, ಉರುಳುವ ತರಕಾರಿ ಗಾಡಿ, ಒಡೆಯುವ ಗಾಜು. ನಮ್ಮ ಹಾಸ್ಟೆಲ್ ಗೇಟಿನ ಮುಂದೆ ಹಳೇ ಓಮ್ನಿ ನಿಂತರೆ ಸಾಕು, ‘ಯಾರನ್ನೋ ಎತ್ತಾಕೊಂಡು ಹೋಗೋಕೆ ಬಂದವ್ರೆ ಕಣ್ರೋ’ ಎಂದು ಒಬ್ಬನಾದರೂ ಕೂಗುತ್ತಾನೆ.

ಇಂಥದ್ದೇ ಏನೋ ಇರುತ್ತದೆ ಅಂದುಕೊಂಡು ನಾನು ‘ಫಾರ್ಗೋ’ ನೋಡಲು ಕೂತೆ. ನಾಲ್ಕನೇ ಸೆಮ್ ರಿಸಲ್ಟ್ ಬಂದ ರಾತ್ರಿ ಅದು. ಎರಡು ಸಬ್ಜೆಕ್ಟ್ ಹೋಗಿತ್ತು. ಮನೆಗೆ ಫೋನ್ ಮಾಡಿ ‘ಎಲ್ಲಾ ಪಾಸ್ ಅಪ್ಪಾ’ ಎಂದುಬಿಟ್ಟಿದ್ದೆ. ನಿದ್ದೆ ಹತ್ತಲಿಲ್ಲ. ರೂಮ್‌ಮೇಟ್‌ನ ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ್ದು ಈ ಸಿನಿಮಾ.

ಜೋಯೆಲ್ ಕೋಯೆನ್, ಈಥನ್ ಕೋಯೆನ್ ಅಣ್ಣ-ತಮ್ಮ ಸೇರಿ ಮಾಡಿದ್ದು, 1996ರಲ್ಲಿ. ಚಿತ್ರಕಥೆಗೆ, ನಟಿ ಫ್ರಾನ್ಸಿಸ್ ಮೆಕ್‌ಡಾರ್ಮಂಡ್‌ಗೆ ಆಸ್ಕರ್ ಬಂದಿದೆ. 1987ರಲ್ಲಿ ನಡೆದ ನಿಜ ಘಟನೆ ಎಂದು ಮೊದಲೇ ಬರೆದು ತೋರಿಸುತ್ತಾರೆ. ಅದು ಬರೀ ಬುರುಡೆ. ಸುಳ್ಳಿನ ಬಗೆಗಿನ ಸಿನಿಮಾ ಸುಳ್ಳಿನಿಂದಲೇ ಶುರುವಾಗುತ್ತದೆ.

ಅಮೆರಿಕದ ಮಿನಿಯಾಪೊಲಿಸ್‌ನ ಜೆರ್ರಿ ತನ್ನ ಮಾವನ ಕಾರ್ ಷೋರೂಮಿನಲ್ಲಿ ಮ್ಯಾನೇಜರ್. ಇಲ್ಲದ ಕಾರುಗಳನ್ನು ಕಾಗದದ ಮೇಲೆ ತೋರಿಸಿ 3,20,000 ಡಾಲರ್ ಸಾಲ ಎತ್ತಿದ್ದಾನೆ. ಸಾಲ ಕೊಟ್ಟವರು ಆ ಗಾಡಿಗಳ ನಂಬರ್ ಕೇಳುತ್ತಿದ್ದಾರೆ. ತಪ್ಪಿಸಿಕೊಳ್ಳಲು ಅವನು ಹುಡುಕಿದ ದಾರಿ ನೋಡಿ: ಸ್ವಂತ ಹೆಂಡತಿಯನ್ನೇ ಕಿಡ್ನ್ಯಾಪ್ ಮಾಡಿಸಿ, ದುಡ್ಡಿರುವ ಮಾವನಿಂದ ಒತ್ತೆಹಣ ವಸೂಲಿ ಮಾಡುವುದು. ಕಿಡ್ನ್ಯಾಪರ್‌ಗಳಿಗೆ 80,000 ಡಾಲರ್ ಎಂದು ಹೇಳುತ್ತಾನೆ, ಮಾವನಿಗೆ 10 ಲಕ್ಷ. ಅವರಿಗೆ ಅರ್ಧ ಹಣ, ಜೊತೆಗೆ ಷೋರೂಮಿನ ಒಂದು ಹೊಸ ಕಂದು ಬಣ್ಣದ ಓಲ್ಡ್ಸ್‌ಮೊಬೈಲ್ ಸಿಯೆರಾ.

ಇನ್ನೇನು ಚೇಸಿಂಗ್ ಎಂದು ಕಾದೆ. ಇರುವುದು ಒಂದೇ ಒಂದು, ಅದೂ ಬೇಗ ಮುಗಿಯುತ್ತದೆ. ಈ ಸಿನಿಮಾದಲ್ಲಿ ಕೆಟ್ಟದ್ದು ಸಂಭವಿಸುವುದು ಹೆಚ್ಚಾಗಿ ಕಾರು ನಿಂತಾಗ. ಬ್ರೇನರ್ಡ್ ಊರಿನ ಹತ್ತಿರ ರಾತ್ರಿ ಪೊಲೀಸೊಬ್ಬ ಆ ಸಿಯೆರಾವನ್ನು ರಸ್ತೆ ಬದಿಗೆ ಹಾಕಿಸುತ್ತಾನೆ. ಕಾರಣ? ಹೊಸ ಗಾಡಿಗೆ ತಾತ್ಕಾಲಿಕ ನೋಂದಣಿ ಚೀಟಿ ಅಂಟಿಸಿರಲಿಲ್ಲ. ಹಿಂದಿನ ಸೀಟಿನಲ್ಲಿ ಹೊದಿಕೆಯಡಿ ಕಟ್ಟಿಹಾಕಿದ ಹೆಂಗಸು. ಡ್ರೈವರ್ ಸೀಟಿನಲ್ಲಿರುವ ಕಾರ್ಲ್ ಪರ್ಸಿನಿಂದ ನೋಟು ಇಣುಕಿಸಿ ಲಂಚ ಕೊಡಲು ನೋಡುತ್ತಾನೆ. ಪೊಲೀಸ್ ಒಪ್ಪುವುದಿಲ್ಲ. ಹಿಂದಿನಿಂದ ಸಣ್ಣಗೆ ನರಳಿದ ಸದ್ದು. ಅಷ್ಟೇ. ಪಕ್ಕದಲ್ಲಿ ಬಾಯಿಬಿಡದೆ ಕೂತಿದ್ದವನು ಪೊಲೀಸನ ತಲೆಗೆ ಗುಂಡು ಹೊಡೆಯುತ್ತಾನೆ. ಅದನ್ನು ಕಂಡ ಇಬ್ಬರು ದಾರಿಹೋಕರೂ ಉಳಿಯುವುದಿಲ್ಲ. ಒಂದು ಚೀಟಿಗೆ ಮೂರು ಹೆಣ.

ಮರುದಿನ ತನಿಖೆಗೆ ಬರುವವಳು ಏಳು ತಿಂಗಳ ಬಸುರಿ ಮಾರ್ಜ್. ಸತ್ತ ಪೊಲೀಸ್ ಪುಸ್ತಕದಲ್ಲಿ ‘ಡಿಎಲ್‌ಆರ್’ ಎಂದು ಬರೆದಿರುತ್ತಾನೆ. ಸಹೋದ್ಯೋಗಿ ಆ ಅಕ್ಷರಗಳ ನಂಬರ್ ಪ್ಲೇಟ್ ಹುಡುಕಿಸುತ್ತಿದ್ದಾನೆ. ಅದು ಡೀಲರ್ ಗಾಡಿ ಎಂಬುದರ ಗುರುತು ಎಂದು ಅವಳಿಗೆ ತಕ್ಷಣ ಹೊಳೆಯುತ್ತದೆ. ಕಥೆ ಸೀದಾ ಜೆರ್ರಿಯ ಷೋರೂಮಿಗೆ ವಾಪಸ್!

ನಗು ಬಂದದ್ದು ಏರ್‌ಪೋರ್ಟ್ ಪಾರ್ಕಿಂಗ್ ದೃಶ್ಯಕ್ಕೆ. ಕಾರ್ಲ್ ಅಲ್ಲಿ ನಿಂತಿದ್ದ ಯಾರದೋ ಕಾರಿನ ನಂಬರ್ ಪ್ಲೇಟ್ ಬಿಚ್ಚಿಕೊಂಡು ಹೊರಡುತ್ತಾನೆ. ಗೇಟಿನಲ್ಲಿ ನಾಲ್ಕು ಡಾಲರ್ ಕೇಳುತ್ತಾರೆ. ತಾನು ಗಾಡಿ ನಿಲ್ಲಿಸಲೇ ಇಲ್ಲ ಎಂದು ಅವನ ಕ್ಯಾತೆ. ಮೂರು ಕೊಲೆ ಕೇಸಿನಲ್ಲಿರುವವನಿಗೆ ಪಾರ್ಕಿಂಗ್ ಫೀಸಿನ ಸಂಕಟ! ನಮ್ಮಪ್ಪ ಟ್ಯಾಕ್ಸಿ ಓಡಿಸುತ್ತಾರೆ. ಪಾರ್ಕಿಂಗ್ ರಸೀದಿ ಕೈಗೆ ಬಂದಾಗ ಅವರ ಮುಖವೂ ಥೇಟ್ ಹಾಗೇ.

ಆದರೆ ನನ್ನನ್ನು ಹಿಡಿದು ಕೂರಿಸಿದ ದೃಶ್ಯ ಬೇರೆ. ಮಾವನ ಜೊತೆ ಒಂದು ಜಾಗದ ವ್ಯವಹಾರ ಕುದುರಿಸಿ ಬಚಾವಾಗುತ್ತೇನೆ ಎಂದು ನಂಬಿದ್ದ ಜೆರ್ರಿಗೆ ಮಾವ ಕೈಕೊಡುತ್ತಾನೆ. ಆ ಲಾಭ ತನಗೇ ಎನ್ನುತ್ತಾನೆ. ಜೆರ್ರಿ ಹೊರಗೆ ಬರುತ್ತಾನೆ. ಬಿಳೀ ಹಿಮದ ಬಯಲಿನಂಥ ಪಾರ್ಕಿಂಗ್‌ನಲ್ಲಿ ಒಂಟಿ ಕಾರು. ಮುಂದಿನ ಗಾಜಿಗೆ ಐಸ್ ಕಟ್ಟಿದೆ. ಕೆರೆಯುವ ಪ್ಲಾಸ್ಟಿಕ್ ಪಟ್ಟಿ ತೆಗೆದು ಕೆರೆಯತೊಡಗುತ್ತಾನೆ. ಇದ್ದಕ್ಕಿದ್ದಂತೆ ಹುಚ್ಚು ಹಿಡಿದವನ ಹಾಗೆ ಕೈಕಾಲು ಬಡಿದು ಆ ಪಟ್ಟಿಯನ್ನು ಎಸೆಯುತ್ತಾನೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಅದನ್ನೇ ಎತ್ತಿಕೊಂಡು ಮತ್ತೆ ಕೆರೆಯುತ್ತಾನೆ. ಮಾತಿಲ್ಲ. ಮನೆಗೆ ಹೋದರೆ ಹೆಂಡತಿ ಇಲ್ಲ.

ಅವನಿಗೆ ಯಾರ ಹತ್ತಿರವಾದರೂ ‘ನಾನು ಸಿಕ್ಕಿಕೊಂಡಿದ್ದೀನಿ’ ಎನ್ನಲು ಎಷ್ಟೊಂದು ಅವಕಾಶ ಇತ್ತು! ನಾನು ಪಾಸ್ ಮಾಡಿ ಯೋಚನೆ ಮಾಡಿದೆ. ಮುಂದಿನ ಸೆಮ್‌ನಲ್ಲಿ ಕ್ಲಿಯರ್ ಮಾಡಿದರೆ ಅಪ್ಪನಿಗೆ ಗೊತ್ತೇ ಆಗುವುದಿಲ್ಲ ಎಂಬುದು ನನ್ನ ಲೆಕ್ಕ. ಜೆರ್ರಿಯದೂ ಅಂಥದ್ದೇ ಲೆಕ್ಕ ಇದ್ದಿರಬೇಕು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ನೋಡದವರು ಕ್ಷಮಿಸಿ. ಹಣ ಕೈಬದಲಾಗುವುದೂ ಪಾರ್ಕಿಂಗ್ ಕಟ್ಟಡದ ತಾರಸಿಯಲ್ಲೇ. ಹಣ ತಂದ ಮಾವ ಅಲ್ಲೇ ಸಾಯುತ್ತಾನೆ, ಕಾರ್ಲ್‌ನ ದವಡೆಗೂ ಗುಂಡು. ಪೆಟ್ಟಿಗೆ ತೆರೆದರೆ 10 ಲಕ್ಷ! ಜೊತೆಗಾರನಿಗೆ ತೋರಿಸಲು 80,000 ತೆಗೆದುಕೊಂಡು, ಮಿಕ್ಕ 9,20,000 ಡಾಲರನ್ನು ಬೇಲಿಯ ಪಕ್ಕ ಹಿಮದಲ್ಲಿ ಹೂಳುತ್ತಾನೆ. ಗುರುತಿಗೆ ನೆಡುವುದು ಏನು ಗೊತ್ತಾ? ಐಸ್ ಕೆರೆಯುವ ಪಟ್ಟಿ. ಎರಡೂ ಕಡೆ ನೋಡಿದರೆ ಒಂದೇ ಥರದ ಬೇಲಿ, ಕೊನೆಯೇ ಕಾಣದ ಹಿಮ. ಅಷ್ಟು ಹಣ ಅಡಗಿಸಿಟ್ಟವನು ಕೆರೆಯ ಪಕ್ಕದ ಮನೆಗೆ ಬಂದು, ಆ ಸಿಯೆರಾ ಕಾರಿನ ಬೆಲೆಯಲ್ಲಿ ಅರ್ಧ ಕೊಡಲು ಒಪ್ಪದೆ ಜಗಳವಾಡಿ ಕೊಡಲಿ ಏಟಿಗೆ ಸಾಯುತ್ತಾನೆ. ಜೆರ್ರಿಯ ಹೆಂಡತಿ ಅಷ್ಟರಲ್ಲಿ ಸತ್ತಾಗಿದೆ. ಮಾರ್ಜ್‌ಗೆ ಆ ಮನೆ ಸಿಗುವುದೂ ಮುಂದೆ ನಿಂತಿದ್ದ ಅದೇ ಕಂದು ಕಾರಿನಿಂದ.

ಶನಿವಾರ ಊರಿಗೆ ಹೋದೆ. ಬಸ್‌ಸ್ಟ್ಯಾಂಡಿಗೆ ಅಪ್ಪನೇ ಟ್ಯಾಕ್ಸಿ ತಂದಿದ್ದರು. ಬ್ಯಾಗ್ ಹಿಂದೆ ಎಸೆದು ಮುಂದೆ ಕೂತೆ. ಅವರು ಕೀ ತಿರುಗಿಸುವ ಮೊದಲೇ, ‘ಅಪ್ಪಾ, ಒಂದು ನಿಮಿಷ’ ಎಂದೆ. ಹೇಳುವಷ್ಟರಲ್ಲಿ ನಾಲಿಗೆ ಒಣಗಿತ್ತು. ಅಪ್ಪ ಕೀ ಮೇಲಿನ ಕೈ ತೆಗೆದು ಸ್ಟೇರಿಂಗ್ ಮೇಲಿಟ್ಟರು. ಹಿಂದಿನ ಆಟೊದವನು ಹಾರ್ನ್ ಹೊಡೆಯುತ್ತಿದ್ದ.

‘ಎಷ್ಟು ಸಬ್ಜೆಕ್ಟು?’

‘ಎರಡು.’

ಬಹಳ ಹೊತ್ತು ರಸ್ತೆಯನ್ನೇ ನೋಡಿದರು.

‘ನಿಮ್ಮಮ್ಮ ಪಾಸಾದೆ ಅಂತ ಓಣಿಗೆಲ್ಲ ಪಾಯಸ ಹಂಚವ್ಳೆ ಕಣೋ’ ಎಂದು ಗಾಡಿ ಸ್ಟಾರ್ಟ್ ಮಾಡಿದರು.