ಮೊಣಕಾಲ ಚಿಪ್ಪಿನ ಕೆಳಗಿನ ನೋವು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವವರಿದ್ದಾರೆ, ಭಾರ ಹೊರುವವರಿದ್ದಾರೆ. ಆರು ದಿನ ಕುರ್ಚಿಯಲ್ಲಿ ಕುಳಿತು ಭಾನುವಾರ ಮಾತ್ರ ವಾಲಿಬಾಲ್ ಆಡುವವರೂ ಇದ್ದಾರೆ. ಇಂಥವರಿಗೆ ಚಿಪ್ಪಿನ ಕೆಳಗೆ ನೋವು ಕಾಣಿಸಿತೆಂದರೆ ಸಂಧಿವಾತವೆಂದು ಹೆದರುತ್ತಾರೆ. ಒಬ್ಬರು ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ಇನ್ನೊಬ್ಬರು ಸಂಬಳ ಕಳೆದುಕೊಂಡು ರಜೆ ಹಾಕಿ ಮಲಗುತ್ತಾರೆ. ಕೆಲಸಕ್ಕೆ ಮರಳಿದ ವಾರದಲ್ಲೇ ನೋವೂ ಮರಳುತ್ತದೆ. ಹೀಗೇಕೆ?

ತೊಡೆಯ ಮುಂಭಾಗದ ಸ್ನಾಯುವಿನ ಬಲವು ಚಿಪ್ಪನ್ನು ಹಾದು, ಒಂದು ಗಟ್ಟಿ ಪಟ್ಟಿಯ ಮೂಲಕ ಮೊಣಕಾಲ ಕೆಳಗಿನ ಮೂಳೆಗೆ ತಲುಪುತ್ತದೆ. ಈ ಪಟ್ಟಿಗೆ ಸ್ನಾಯುರಜ್ಜು ಎಂದು ಹೆಸರು. ಒಂದೇ ದಿಕ್ಕಿಗೆ ಜೋಡಿಸಿದ ಎಳೆಗಳಿಂದಾದ ಹಗ್ಗದಂತೆ ಇದರ ರಚನೆ. ರೂಢಿಯಿಲ್ಲದ ಭಾರ ಮೇಲಿಂದ ಮೇಲೆ ಬಿದ್ದರೆ, ದೇಹವು ಸರಿಪಡಿಸುವುದಕ್ಕಿಂತ ಬೇಗ ಎಳೆಗಳು ಸವೆದು ಅಸ್ತವ್ಯಸ್ತವಾಗುತ್ತವೆ. ನೆಗೆಯುವ ಆಟಗಾರರಲ್ಲಿ ಹೆಚ್ಚಾಗಿ ಕಂಡದ್ದರಿಂದ 1973ರಲ್ಲಿ ಅಮೆರಿಕದ ವೈದ್ಯ ಬ್ಲೇಜಿನಾ ಮತ್ತು ಸಂಗಡಿಗರು ಇದನ್ನು ‘ಜಂಪರ್ಸ್ ನೀ’ ಎಂದು ಕರೆದರು. ಮೊದಲು ಇದನ್ನು ಬರಿಯ ಉರಿಯೂತವೆಂದೇ ಎಣಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸವೆತವೇ ಮುಖ್ಯವೆಂದು ತಿಳಿಯಿತು. ಆದ್ದರಿಂದಲೇ ಮುಲಾಮು, ಮಾತ್ರೆಗಳು ನೋವನ್ನು ತಗ್ಗಿಸಬಹುದೇ ಹೊರತು ಹಗ್ಗವನ್ನು ಗಟ್ಟಿಮಾಡಲಾರವು.

ಗುರುತು ಸುಲಭ. ಚಿಪ್ಪಿನ ಕೆಳತುದಿಯಲ್ಲಿ, ಒಂದು ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ನೋವಿರುತ್ತದೆ. ಮೆಟ್ಟಿಲಿಳಿಯುವಾಗ, ಕುಕ್ಕರಗಾಲಿನಿಂದ ಏಳುವಾಗ, ನೆಗೆಯುವಾಗ ಹೆಚ್ಚುತ್ತದೆ.

ಮೊದಲನೆಯದಾಗಿ, ನೆಗೆತ, ಓಟ, ಅತಿಭಾರಗಳನ್ನು ಕೆಲವು ವಾರ ಕಡಿಮೆ ಮಾಡತಕ್ಕದ್ದು. ಆದರೆ ಪೂರಾ ಮಲಗಕೂಡದು. ಕೆಲಸವಿಲ್ಲದ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ.

ಎರಡನೆಯದಾಗಿ, ಗೋಡೆಗೆ ಬೆನ್ನು ಒರಗಿಸಿ, ಅರ್ಧ ಕುಳಿತ ಭಂಗಿಯಲ್ಲಿ 45 ಸೆಕೆಂಡು ನಿಲ್ಲಿರಿ. ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟು ದಿನಕ್ಕೆ 5 ಸಲ ಮಾಡಿರಿ. ಇದು ಚಾಳಿನ ಕೋಣೆಯಲ್ಲೂ ಸಾಧ್ಯ, ಕಾಸೂ ಬೇಡ.

ಮೂರನೆಯದಾಗಿ, ನೋವು ತಗ್ಗಿದ ಮೇಲೆ ದಿನ ಬಿಟ್ಟು ದಿನ, ಕುರ್ಚಿಯಿಂದ ನಿಧಾನವಾಗಿ ಎದ್ದು ನಿಧಾನವಾಗಿ ಕುಳಿತುಕೊಳ್ಳಿರಿ. ಏಳಲು 3 ಸೆಕೆಂಡು, ಕೂರಲು 3 ಸೆಕೆಂಡು. ಹತ್ತರಂತೆ ಮೂರು ಸರದಿ. ಸಲೀಸಾದಾಗ ಅಕ್ಕಿಯ ಚೀಲವನ್ನು ಎದೆಗವಚಿಕೊಂಡು ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಿರಿ. ಮಾಡುವಾಗ ತುಸು ನೋವಾದರೆ ಅಂಜಬೇಕಿಲ್ಲ. ಮರುದಿನವೂ ಹೆಚ್ಚಾಗಿಯೇ ಉಳಿದರೆ ಭಾರ ಇಳಿಸಬೇಕು. ಗುಣ ಕಾಣಲು ಸುಮಾರು ಮೂರು ತಿಂಗಳು ಬೇಕು. ನಡುವೆ ಬಿಡಬಾರದು.

ಸ್ಟಿರಾಯ್ಡ್ ಸೂಜಿಮದ್ದು ಬೇಗ ಗುಣಕೊಟ್ಟಂತೆ ತೋರಿದರೂ ರಜ್ಜನ್ನು ದುರ್ಬಲಗೊಳಿಸಬಹುದು. ತಾವಾಗಿ ಕೇಳಿ ಚುಚ್ಚಿಸಿಕೊಳ್ಳಬೇಡಿ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಮೊಣಕಾಲಿನಲ್ಲಿ ‘ಟಕ್’ ಎಂದು ಕಾಲು ನೆಟ್ಟಗೆ ಚಾಚಲಾಗದಿದ್ದರೆ, ಅಥವಾ ಮೊಣಕಾಲು ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ, ಅದು ಬೇರೆಯೇ ವಿಚಾರ. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ವಯಸ್ಸು ಐವತ್ತು ದಾಟಿದವರಿಗೆ ಕೀಲಿನ ಸವೆತವೂ ಇರಬಹುದಾದ್ದರಿಂದ ವೈದ್ಯರಿಗೆ ತೋರಿಸುವುದು ಲೇಸು. ಮುಂಬಯಿಯಲ್ಲಿರುವವರಿಗೆ ಪರೇಲಿನ ಕೆ.ಇ.ಎಂ., ಸಯನ್, ನಾಯರ್ ಮುಂತಾದ ನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗವೂ ವ್ಯಾಯಾಮ ಚಿಕಿತ್ಸೆಯೂ ಇವೆ.

ಭಾರ ಹೊರುವ ಬಂಧುಗಳು ಮುಕಾದಮನಿಗೆ ಮೊದಲೇ ಹೇಳಿ ಕೆಲವು ವಾರ ಹಗುರ ಕೆಲಸ ಕೇಳಿಕೊಳ್ಳುವುದು ಒಳ್ಳೆಯದು. ನೋವನ್ನು ಮುಚ್ಚಿಟ್ಟು ದುಡಿದು ಕೊನೆಗೆ ತಿಂಗಳುಗಟ್ಟಲೆ ಸಂಬಳ ಬಿಡುವುದಕ್ಕಿಂತ ಇದೇ ಅಗ್ಗ.