ಕುಂಕುಮದ ಭರಣಿಯಿಂದ ಕಾಂಪ್ಯಾಕ್ಟ್ ಡಬ್ಬಿಗೆ

ಮನೆಯಲ್ಲೊಂದು ಮದುವೆ ನಿಶ್ಚಯವಾಯಿತೆಂದರೆ ಜವಳಿ ಅಂಗಡಿ, ಚಿನ್ನದ ಅಂಗಡಿಗಳ ಮೆಟ್ಟಿಲುಗಳನ್ನು ಹತ್ತಿಳಿದು ಮುಗಿದ ಬಳಿಕ ಹೆಂಗಸರಷ್ಟೇ ಹೋಗುವ ಸ್ಥಳವೊಂದು ಉಳಿದಿರುತ್ತದೆ. ಅದು ಫ್ಯಾನ್ಸಿ ಅಂಗಡಿ. ಗಂಡಸರು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಗಡಿಯಾರ ನೋಡುತ್ತಿರುತ್ತಾರೆ. ಅಣ್ಣನ ಮಗಳ ಮದುವೆಯ ನಿಮಿತ್ತ ಅತ್ತಿಗೆಯೂ ನಾನೂ ಅವಳನ್ನು ಕರೆದುಕೊಂಡು ಕಾಸರಗೋಡಿನ ಅಂತಹದೊಂದು ಅಂಗಡಿಗೆ ಹೋಗಿದ್ದೆವು. ಗಾಜಿನ ಕಪಾಟಿನ ಮುಂದೆ ನಿಂತಾಗ ನನಗೆ ದಿಗ್ಭ್ರಮೆಯೇ ಆಯಿತೆನ್ನಬೇಕು. ತುಟಿಯ ಬಣ್ಣವೊಂದರಲ್ಲೇ ಐವತ್ತಕ್ಕೂ ಮಿಕ್ಕಿದ ಛಾಯೆಗಳು! ಒಂದಕ್ಕೆ ಹಣ್ಣಿನ ಹೆಸರು, ಇನ್ನೊಂದಕ್ಕೆ ಮದ್ಯದ ಹೆಸರು, ಮತ್ತೊಂದಕ್ಕೆ ಯಾವುದೋ ವಿದೇಶೀ ನಗರದ ಹೆಸರು.

"ಅತ್ತೆ, ಇದರಲ್ಲಿ ನನಗೆ ಯಾವುದು ಒಪ್ಪುತ್ತದೆ?" ಎಂದು ಅವಳು ಕೇಳಿದಳು. ಕೆಂಪು, ಕಡುಕೆಂಪು ಎಂಬೆರಡನ್ನು ಮಾತ್ರ ಬಲ್ಲ ನಾನು ಏನು ಹೇಳಲಿ?

ಕೊಳ್ಳುವುದೆಲ್ಲ ಮುಗಿಯುತ್ತ ಬಂದಾಗ ಅವಳು ದನಿ ತಗ್ಗಿಸಿ ಅಂಗಡಿಯವನೊಡನೆ ಏನನ್ನೋ ಕೇಳಿದಳು. ಆತ ಮೇಜಿನ ಕೆಳಗಿನಿಂದ ಒಂದು ಪುಟ್ಟ ಬಿಳಿಯ ಡಬ್ಬಿಯನ್ನು ತೆಗೆದು, "ಹದಿನೈದು ದಿನ ಹಚ್ಚಿದರೆ ಸಾಕು, ಮದುವೆಯ ಫೋಟೋದಲ್ಲಿ ವ್ಯತ್ಯಾಸ ನೋಡಿ" ಎಂದ. ಅತ್ತಿಗೆ ಬೇರೆ ಕಡೆ ನೋಡಿದರು. ಹುಡುಗಿ ಸ್ವಲ್ಪ ಕಪ್ಪು ಎಂದು ಗಂಡಿನ ಕಡೆಯ ಹಿರಿಯರೊಬ್ಬರು ಆಡಿದ ಮಾತು ಅವರ ಕಿವಿಗೂ ಬಿದ್ದಿತ್ತು, ಅವಳ ಕಿವಿಗೂ ಬಿದ್ದಿತ್ತು. ಆ ಡಬ್ಬಿಯ ವಿಚಾರಕ್ಕೆ ಮುಂದೆ ಬರುತ್ತೇನೆ. ಮೊದಲು ಕಪಾಟಿನಲ್ಲಿದ್ದ ಉಳಿದ ವಸ್ತುಗಳನ್ನು ನೋಡೋಣ.

ನಮ್ಮ ಅಜ್ಜಿಯಂದಿರ ಅಲಂಕಾರದ ಸಾಮಗ್ರಿಯೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಅಡಗುತ್ತಿತ್ತು. ಒಂದು ಕನ್ನಡಿ, ಬಾಚಣಿಗೆ, ಕುಂಕುಮದ ಭರಣಿ, ಹಣೆಗೆ ಕುಂಕುಮ ನಿಲ್ಲಲು ಜೇನುಮೇಣ, ಕಾಡಿಗೆಯ ಕರಡಿಗೆ. ಕಾಡಿಗೆಯನ್ನು ಕೊಳ್ಳುವ ಪದ್ಧತಿಯೇ ಇರಲಿಲ್ಲ. ಗರುಗದ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆಯನ್ನು ಅದ್ದಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆಯ ತಟ್ಟೆಯನ್ನು ಕವುಚಿಡುತ್ತಿದ್ದರು. ತಟ್ಟೆಗೆ ಹಿಡಿದ ಮಸಿಯನ್ನು ಬೆಳಗ್ಗೆ ಕೆರೆದು ತುಪ್ಪದಲ್ಲಿ ಕಲಸಿದರೆ ಕಾಡಿಗೆ ಸಿದ್ಧ. ಆ ಸೊಪ್ಪಿಗೆ ಕಾಡಿಗೆಗರುಗ ಎಂಬ ಹೆಸರೇ ಇದೆ.

ಕುಂಕುಮವೂ ಅಷ್ಟೇ. ಅರಸಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದೆಂಬುದನ್ನು ಆರತಿಯ ನೀರು ಕದಡಿದ ಯಾವ ಗೃಹಿಣಿಯೂ ಬಲ್ಲಳು. ಅರಸಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರದ ಸಂಪರ್ಕದಿಂದ ಬಣ್ಣ ಬದಲಿಸುತ್ತದೆ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಮಹಾರಾಷ್ಟ್ರದ ನಮ್ಮ ಬಂಧುಗಳಿಗೆ ಸೊಲ್ಲಾಪುರ ಜಿಲ್ಲೆಯ ಪಂಢರಪುರದ ಕುಂಕುಮ ಚಿರಪರಿಚಿತ. ವಿಠೋಬನ ದರ್ಶನಕ್ಕೆ ಹೋದವರು ಕುಂಕುಮದ ಪೊಟ್ಟಣವಿಲ್ಲದೆ ಮರಳುವುದುಂಟೆ? ಆದರೆ ಇಂದು ಪೇಟೆಯಲ್ಲಿ ದೊರೆಯುವ ಹೊಳೆಹೊಳೆವ ಕೆಂಪಿನದೆಲ್ಲ ಅರಸಿನದಿಂದಲೇ ಬಂದುದೆಂದು ತಿಳಿಯಬಾರದು. ಅಗ್ಗದ ಕುಂಕುಮದಲ್ಲಿ ಕೃತಕ ವರ್ಣದ್ರವ್ಯಗಳಿರುವುದೂ, ಅವುಗಳಿಂದ ಹಣೆಯ ಮೇಲೆ ತುರಿಕೆ ಹಾಗೂ ಕಪ್ಪು ಕಲೆ ಉಂಟಾಗುವುದೂ ಚರ್ಮವೈದ್ಯರಿಗೆ ನಿತ್ಯದ ಅನುಭವ.

ಹಾಗೆಂದು ಹಳೆಯದೆಲ್ಲ ಅಮೃತ, ಹೊಸದೆಲ್ಲ ವಿಷ ಎಂಬ ಪಕ್ಷದವಳಲ್ಲ ನಾನು. ಕಣ್ಣಿಗೆ ತಂಪೆಂದು ತಲೆಮಾರುಗಳಿಂದ ಹಚ್ಚುತ್ತಿದ್ದ ಸುರ್ಮಾಗಳಲ್ಲಿ ಸೀಸದ ಅದಿರನ್ನೇ ಅರೆದು ಹಾಕಿದವುಗಳಿವೆ. ಸೀಸವು ಕೂಸುಗಳ ಮಿದುಳಿನ ಬೆಳವಣಿಗೆಗೆ ಶತ್ರು. ಕಾಡಿಗೆ ಮನೆಯದೇ ಆದರೂ ಹಸುಗೂಸಿನ ಕಣ್ಣಿನೊಳಗೆ ಬೆರಳಿಂದ ಹಚ್ಚಬಾರದೆಂದು ವೈದ್ಯರು ಹೇಳುತ್ತಾರೆ. ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಟ್ಟರೂ ಆದೀತು.

ಕಾರ್ಖಾನೆಯ ಪ್ರಸಾಧನಗಳು ನಮ್ಮ ದೇಶದಲ್ಲಿ ತಯಾರಾಗತೊಡಗಿ ನೂರು ವರ್ಷಗಳಾದವು. 1919ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅಫ್ಘಾನ್ ಸ್ನೋ ನಮ್ಮ ಹಿರಿಯರ ಮುಖದ ಮೇಲೆ ಘಮಘಮಿಸಿದೆ. ಮೈಸೂರು ಸಂಸ್ಥಾನದ ಗಂಧದೆಣ್ಣೆಯ ಕಾರ್ಖಾನೆಯಿಂದ ಹುಟ್ಟಿದ ಸ್ಯಾಂಡಲ್ ಸಾಬೂನು ಗಡಿಯಾಚೆಯ ನಮಗೆ ತವರಿನ ವಾಸನೆಯೇ ಸರಿ. ಸ್ವಾತಂತ್ರ್ಯಾನಂತರ ವಿದೇಶೀ ಪ್ರಸಾಧನಗಳಿಗೆ ಹರಿದುಹೋಗುತ್ತಿದ್ದ ವಿದೇಶೀ ವಿನಿಮಯವನ್ನು ಉಳಿಸುವ ಉದ್ದೇಶದಿಂದ 1952ರಲ್ಲಿ ಟಾಟಾ ಸಮೂಹವು ಲ್ಯಾಕ್ಮೆಯನ್ನು ಸ್ಥಾಪಿಸಿತು. ಕೇಳಲು ಪರದೇಶಿಯಂತಿದ್ದರೂ ಅದು ನಮ್ಮ 'ಲಕ್ಷ್ಮಿ' ಎಂಬ ಹೆಸರಿನ ಫ್ರೆಂಚ್ ರೂಪ. ಸ್ವಿಟ್ಜರ್ಲೆಂಡ್ ಮೂಲದ ಸಿಮೋನ್ ಟಾಟಾ ಅದನ್ನು ಬೆಳೆಸಿದರು. 1998ರಲ್ಲಿ ಅದು ಹಿಂದೂಸ್ಥಾನ್ ಲೀವರ್ ಕಂಪೆನಿಯ ಕೈಸೇರಿತು.

ಅಂದಿನ ಡಬ್ಬಿಗಳಲ್ಲಿ ಒಂದು ಕೊರತೆಯಿತ್ತು. ಮುಖಕ್ಕೆ ಬಳಿಯುವ ಫೌಂಡೇಶನ್, ಕಾಂಪ್ಯಾಕ್ಟ್ ಮೊದಲಾದವು ಎರಡು ಮೂರು ಛಾಯೆಗಳಲ್ಲಿ ಮಾತ್ರ ದೊರೆಯುತ್ತಿದ್ದು, ಅವೂ ತೀರ ಬಿಳಿಚು. ನಮ್ಮ ಎಣ್ಣೆಗೆಂಪಿನವರೂ ಶ್ಯಾಮಲೆಯರೂ ಹಚ್ಚಿಕೊಂಡರೆ ಮುಖಕ್ಕೆ ಬೂದಿ ಬಳಿದಂತೆ, ಕುತ್ತಿಗೆ ಬೇರೆ, ಮುಖ ಬೇರೆ! ಹಳೆಯ ಮದುವೆ ಆಲ್ಬಮ್ಮುಗಳನ್ನು ತೆರೆದರೆ ಸಾಕ್ಷ್ಯ ದೊರೆಯುತ್ತದೆ. ನನ್ನದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. 2017ರಲ್ಲಿ ಗಾಯಕಿ ರಿಹಾನಾ ತಮ್ಮ 'ಫೆಂಟಿ ಬ್ಯೂಟಿ'ಯ ಫೌಂಡೇಶನ್ನನ್ನು ಒಮ್ಮೆಗೇ 40 ಛಾಯೆಗಳಲ್ಲಿ ಹೊರತಂದಾಗ ಜಗತ್ತಿನ ಕಂಪೆನಿಗಳೆಲ್ಲ ಕಪ್ಪು, ಕಂದು ಮೈಬಣ್ಣದವರತ್ತಲೂ ತಿರುಗಿ ನೋಡಬೇಕಾಯಿತು. ಇಂದಿನ ಕಪಾಟಿನಲ್ಲಿ ನಾನು ಮೆಚ್ಚಿದ ಸಂಗತಿಯೆಂದರೆ ಇದೇ. ಅಣ್ಣನ ಮಗಳ ಬಣ್ಣಕ್ಕೆ ಸರಿಹೊಂದುವ ಕಾಂಪ್ಯಾಕ್ಟ್ ಅಲ್ಲಿ ಒಂದಲ್ಲ, ನಾಲ್ಕಿದ್ದವು.

ಆರಿಸುವ ಕ್ರಮವನ್ನು ಅಂಗಡಿಯ ಕೆಲಸದ ಹುಡುಗಿ ಹೇಳಿಕೊಟ್ಟಳು. ಮುಂಗೈಗೆ ಹಚ್ಚಿ ನೋಡಬಾರದು. ಕೈಯ ಬಣ್ಣವೇ ಬೇರೆ, ಮುಖದ್ದೇ ಬೇರೆ. ದವಡೆಯ ಅಂಚಿನಲ್ಲಿ ಮೂರು ಗೆರೆ ಎಳೆದು, ಅಂಗಡಿಯ ಹೊರಗೆ ಹಗಲ ಬೆಳಕಿನಲ್ಲಿ ಕನ್ನಡಿ ಹಿಡಿಯಬೇಕು. ಚರ್ಮದಲ್ಲಿ ಕರಗಿ ಕಾಣದಾದ ಗೆರೆಯೇ ನಮ್ಮ ಛಾಯೆ. ನಮ್ಮ ಕರಾವಳಿಯ ಸೆಕೆಗೆ ಎಣ್ಣೆಯಂಶ ಹೆಚ್ಚಿರುವ ಕ್ರೀಮಿಗಿಂತ ಪುಡಿಯ ರೂಪದ್ದು ಲೇಸು. ಅಂಗಡಿಯಲ್ಲಿ ಎಲ್ಲರೂ ತುಟಿಗೆ ಒತ್ತಿ ನೋಡುವ ಮಾದರಿ ಲಿಪ್‌ಸ್ಟಿಕ್ಕನ್ನು ನಾವೂ ತುಟಿಗೆ ಒತ್ತಬಾರದು. ಮಸ್ಕಾರಾ ಎಂಬ ರೆಪ್ಪೆಯ ಬಣ್ಣವನ್ನು ಒಮ್ಮೆ ತೆರೆದರೆ ಮೂರರಿಂದ ಆರು ತಿಂಗಳೊಳಗೆ ಮುಗಿಸಬೇಕು. ಕಣ್ಣಿಗೆ ಸೋಂಕು ತಗಲುವ ಭಯವಿದೆ. ಡಬ್ಬಿಯ ಹಿಂಬದಿ ತೆರೆದ ಭರಣಿಯಂತಹ ಚಿತ್ರವಿದ್ದು ಒಳಗೆ 12 ಎಂಬ ಅಂಕಿಯಿದ್ದರೆ, ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಬಹುದೆಂದು ಅರ್ಥ.

ಸಸ್ಯಾಹಾರಿ ಮನೆತನಗಳ ಸೋದರಿಯರು ಗಮನಿಸಬೇಕಾದ ವಿಷಯವೊಂದಿದೆ. ಅನೇಕ ಲಿಪ್‌ಸ್ಟಿಕ್‌ಗಳ ಕೆಂಪು 'ಕಾರ್ಮೈನ್' ಎಂಬ ದ್ರವ್ಯದ್ದು. ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟವನ್ನು ಒಣಗಿಸಿ ಅದನ್ನು ಪಡೆಯುತ್ತಾರೆ. ಪೊಟ್ಟಣದಲ್ಲಿ 75470 ಎಂಬ ಸಂಖ್ಯೆ ಕಂಡರೆ ಅದೇ ಎಂದು ತಿಳಿಯಿರಿ. ಇದನ್ನು ಹೇಳಿದಾಗ ಅತ್ತಿಗೆ "ಶಿವ ಶಿವಾ" ಎಂದರು. ಆದರೆ ನಮ್ಮ ಪ್ರಾಚೀನರು ಪಾದಗಳಿಗೆ ಹಚ್ಚುತ್ತಿದ್ದ ಲಾಕ್ಷಾರಸವೂ ಅರಗಿನ ಕೀಟದಿಂದಲೇ ಬಂದುದಲ್ಲವೆ?

ಅರಗೆಂದೊಡನೆ ಬಳೆಯ ನೆನಪು. ಹೈದರಾಬಾದಿನ ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿನಲ್ಲಿ ಕುಶಲಕರ್ಮಿಗಳು ಬಿಸಿ ಅರಗನ್ನು ಬಳೆಯಾಗಿ ಬಾಗಿಸಿ, ಒಂದೊಂದೇ ಹರಳನ್ನು ಕೈಯಿಂದ ಕೂರಿಸುತ್ತಾರೆ. ಆ ಬಳೆಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ತೆಲಂಗಾಣದ ನಮ್ಮ ಓದುಗರು ಇವನ್ನು ತಮ್ಮೂರಿನ ಮದುವೆಗಳಲ್ಲಿ ಕಂಡೇ ಇರುತ್ತಾರೆ. ಗಾಜಿನ ಬಳೆಗಳು ಬಹುಪಾಲು ಉತ್ತರಪ್ರದೇಶದ ಫಿರೋಜಾಬಾದಿನವು. ಇವೆರಡರಲ್ಲಿ ಚರ್ಮಕ್ಕೆ ತೊಂದರೆ ವಿರಳ. ಚಿನ್ನದ ನೀರು ಕೊಟ್ಟ ಕೃತಕ ಆಭರಣಗಳದೇ ಬೇರೆ ಕಥೆ. ಮೇಲಿನ ಲೇಪ ಸವೆದು ಒಳಗಿನ ನಿಕ್ಕಲ್ ಬೆವರಿಗೆ ತಾಗಿದಾಗ ಕಿವಿ, ಕತ್ತುಗಳಲ್ಲಿ ಕೆಂಪು ಗುಳ್ಳೆಗಳೇಳುತ್ತವೆ. ಒಮ್ಮೆ ನಿಕ್ಕಲಿನ ಅಲರ್ಜಿ ಹಿಡಿದರೆ ಸಾಮಾನ್ಯವಾಗಿ ಆಯುಷ್ಯವಿಡೀ ಬಿಡದು.

ಸ್ಟಿಕ್ಕರ್ ಬಿಂದಿಯ ಸೌಕರ್ಯವನ್ನು ಅಲ್ಲಗಳೆಯಲಾರೆ. ಆದರೆ ಅದರ ಹಿಂದಿನ ಅಂಟಿನಲ್ಲಿ ಬಳಸುವ ಒಂದು ಬಗೆಯ ಫಿನಾಲ್ ರಾಸಾಯನಿಕವು ಕೆಲವರಲ್ಲಿ ಬಣ್ಣದ ಕಣಗಳನ್ನೇ ಕೊಂದು, ಬೊಟ್ಟಿನ ಗಾತ್ರದ ಬಿಳಿಯ ಮಚ್ಚೆಯನ್ನು ಉಳಿಸಿಬಿಡುತ್ತದೆ. ತುರಿಕೆಯಾದ ದಿನವೇ ಅದನ್ನು ಬಿಡತಕ್ಕದ್ದು. ಅದೇ ಬಿಂದಿಯನ್ನು ಕನ್ನಡಿಗೆ ಅಂಟಿಸಿಟ್ಟು ವಾರಗಟ್ಟಲೆ ಬಳಸುವುದಂತೂ ಬೇಡ.

ಈಗ ಆ ಬಿಳಿಯ ಡಬ್ಬಿಗೆ ಬರೋಣ. ನಾನದನ್ನು ತಿರುಗಿಸಿ ನೋಡಿದೆ. ತಯಾರಕರ ಹೆಸರಿಲ್ಲ, ವಿಳಾಸವಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ, ಲೈಸೆನ್ಸ್ ಸಂಖ್ಯೆಯಿಲ್ಲ, ಘಟಕಗಳ ಪಟ್ಟಿಯಿಲ್ಲ. ನಮ್ಮ ದೇಶದಲ್ಲಿ ಮಾರುವ ಪ್ರಸಾಧನಗಳ ಮೇಲೆ ಸಾಮಾನ್ಯವಾಗಿ ಇಂತಹ ವಿವರಗಳು ಇರಬೇಕೆಂಬುದು ಕಾನೂನು. ಹೊರದೇಶದ್ದಾದರೆ ತರಿಸಿಕೊಂಡವರ ಹೆಸರೂ ನೋಂದಣಿ ಸಂಖ್ಯೆಯೂ ಬೇಕು. (ಇದ್ದರೂ ಇಂಗ್ಲಿಷಿನಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಕನ್ನಡವಂತಿರಲಿ, ಮಲಯಾಳದಲ್ಲೂ ಒಂದಕ್ಷರವಿರುವುದಿಲ್ಲ. ಮಕ್ಕಳಿಂದಲಾದರೂ ಓದಿಸಿ ಕೇಳಬೇಕು.) "ಇದಕ್ಕೆ ಬಿಲ್ಲು ಕೊಡುತ್ತೀರಾ?" ಎಂದೆ. "ಇದಕ್ಕೆ ಬಿಲ್ಲಿಲ್ಲ, ಅಕ್ಕಾ" ಎಂದ ಅಂಗಡಿಯವ.

ಇಂತಹ ಡಬ್ಬಿಗಳಲ್ಲಿ ಹಲವು ಬಾರಿ ಅಡಗಿರುವುದು ಪಾದರಸ. ಚರ್ಮದಲ್ಲಿ ಕಪ್ಪುಬಣ್ಣ ಉತ್ಪತ್ತಿಯಾಗುವ ಕ್ರಿಯೆಯನ್ನೇ ಅದು ತಡೆಯುವುದರಿಂದ ಕೆಲವು ವಾರಗಳಲ್ಲಿ ಮುಖ ಬೆಳ್ಳಗಾದಂತೆ ತೋರುವುದು ನಿಜ. ಆದರೆ ಪಾದರಸ ಚರ್ಮದಲ್ಲೇ ನಿಲ್ಲುವುದಿಲ್ಲ. ರಕ್ತಕ್ಕೆ ಸೇರಿ ಮೂತ್ರಪಿಂಡಗಳಲ್ಲಿ ಸಂಗ್ರಹವಾಗುತ್ತದೆ. ದೂರದ ಮಾತಲ್ಲ ಇದು. ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಅಪರೂಪದ ಒಂದೇ ಲಕ್ಷಣ ಕಂಡುಬಂತು. ವಿಚಾರಿಸಿದಾಗ ಆ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದರೆಂದು ತಿಳಿಯಿತು. ಹಚ್ಚುವುದನ್ನು ನಿಲ್ಲಿಸಿ ಚಿಕಿತ್ಸೆ ಪಡೆದ ಬಳಿಕ ಅನೇಕರು ಚೇತರಿಸಿಕೊಂಡರು. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆಯು 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆಗೆ ತೊಡಗಿತು. ಮುಖ, ಪಾದಗಳು ಊದಿಕೊಳ್ಳುವುದು, ಮೂತ್ರ ನೊರೆನೊರೆಯಾಗುವುದು ಈ ಕಾಯಿಲೆಯ ಚಿಹ್ನೆಗಳು.

ಪಾದರಸವಿಲ್ಲದಿದ್ದರೆ ಸ್ಟಿರಾಯ್ಡ್ ಇರಬಹುದು. ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂದು 2018ರಲ್ಲಿ ಸರಕಾರ ಹಲವು ಸ್ಟಿರಾಯ್ಡ್ ಮುಲಾಮುಗಳಿಗೆ ನಿಯಮ ಮಾಡಿದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಸಿಲಿಗೆ ಉರಿದು, ಬಿಟ್ಟೊಡನೆ ಮೊದಲಿಗಿಂತ ಕೆಂಪೇರುತ್ತದೆ. 1975ರಲ್ಲಿ ಪೇಟೆಗೆ ಬಂದ 'ಫೇರ್ ಅಂಡ್ ಲವ್ಲಿ'ಯೇ 2020ರಲ್ಲಿ ತನ್ನ ಹೆಸರಿನಿಂದ ಬಿಳುಪನ್ನು ತೆಗೆದುಹಾಕಿ 'ಗ್ಲೋ ಅಂಡ್ ಲವ್ಲಿ' ಆಯಿತು. ಹೆಣ್ಣು ನೋಡಲು ಬರುವವರ ಬಾಯಿಂದ ಆ ಮಾತು ಇನ್ನೂ ಹೋಗಿಲ್ಲ.

ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಬಂದೆವು. ಆದರೆ ರಿಕ್ಷಾದಲ್ಲಿ ಕುಳಿತ ಮೇಲೆ ಅವಳು ಮೆಲ್ಲನೆ ಹೇಳಿದಳು, "ಅತ್ತೆ, ಗೆಳತಿಯೊಬ್ಬಳು ಕೊಟ್ಟ ಅಂತಹದೇ ಒಂದು ಡಬ್ಬಿಯನ್ನು ನಾನು ಒಂದು ತಿಂಗಳು ಹಚ್ಚಿದ್ದೇನೆ." ಅತ್ತಿಗೆಯ ಕೈ ನನ್ನ ಕೈಯನ್ನು ಹಿಡಿದುಕೊಂಡಿತು. ಮರುದಿನ ಬೆಳಗ್ಗೆ ವೈದ್ಯರಲ್ಲಿಗೆ ಹೋದೆವು. ಅವರು ಕ್ರೀಮನ್ನು ಅಂದೇ ನಿಲ್ಲಿಸಲು ಹೇಳಿ ರಕ್ತ, ಮೂತ್ರಗಳ ಪರೀಕ್ಷೆ ಬರೆದುಕೊಟ್ಟರು. ಎರಡು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಮೂತ್ರಪಿಂಡ ಕ್ಷೇಮವಾಗಿದೆ ಎಂದು ವರದಿ ಬಂತು. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಎಂದರು ವೈದ್ಯರು. ಆ ಎರಡನೆಯ ವರದಿಯೂ ಚೆನ್ನಾಗಿಯೇ ಬಂತು.

ಮದುವೆಯ ದಿನ ಅವಳು ಹಚ್ಚಿಕೊಂಡದ್ದು ಅಂಗಡಿಯ ಬಾಗಿಲಲ್ಲಿ ಬಿಸಿಲಿಗೆ ಹಿಡಿದು ಆರಿಸಿದ ಕಾಂಪ್ಯಾಕ್ಟ್, ಕಡುಗೆಂಪಿನ ಲಿಪ್‌ಸ್ಟಿಕ್, ಎರಡು ಡಜನ್ ಹಸಿರು ಗಾಜಿನ ಬಳೆ. ಹಣೆಗೆ ಮಾತ್ರ ಅಜ್ಜಿಯ ಭರಣಿಯಿಂದ ಮೇಣವೊತ್ತಿ ಅತ್ತಿಗೆಯೇ ಕುಂಕುಮವಿಟ್ಟರು. ಬಣ್ಣದ ಮಾತೆತ್ತಿದ್ದ ಆ ಹಿರಿಯರು ಮೊದಲ ಪಂಕ್ತಿಯಲ್ಲಿ ಕುಳಿತು ಹೋಳಿಗೆಯನ್ನು ಎರಡು ಸಲ ಬಡಿಸಿಕೊಂಡರು.